ಬಾಳೆ ನಾರಿನಲ್ಲಿ ಕಟ್ಟಿದ ಕಾರ್ಡುಗಳು

ಅಕ್ಕ ತೀರಿಕೊಂಡ ಮೇಲೆ ಅವಳ ಮಗಳು ಒಂದು ರಟ್ಟಿನ ಪೆಟ್ಟಿಗೆ ತಂದು ನನ್ನ ಹೊಲಿಗೆ ಮಷಿನ್ನಿನ ಪಕ್ಕದಲ್ಲಿಟ್ಟು ಹೋದಳು. ಅಕ್ಕನ ಸೀರೆಗಳನ್ನು ಉಳಿದವರು ಹಂಚಿಕೊಂಡಿದ್ದರು. ನಾನು ಕೇಳಿದ್ದು ಇದೊಂದನ್ನೇ. ನಾವಿಬ್ಬರೂ ಆಡುತ್ತಿದ್ದ ಕಾರ್ಡಿನ ಆಟ ಅದರಲ್ಲಿದೆ. ಮುಗಿಯದೆ ನಿಂತ ಒಂದು ಆಟವೂ ಇದೆ.

ಆ ಕೊನೆಯ ಭಾನುವಾರ ಸವಣೂರಿನ ಅಕ್ಕನ ಮನೆಯಲ್ಲಿ, ನನ್ನ ಬಸ್ಸಿಗೆ ಹೊತ್ತಾಯಿತೆಂದು ಅರ್ಧಕ್ಕೇ ಎದ್ದಿದ್ದೆ. ಅಕ್ಕ ತನ್ನ ಕಾರ್ಡುಗಳನ್ನು ಒಂದು ಕಟ್ಟು, ನನ್ನವನ್ನು ಒಂದು ಕಟ್ಟು ಮಾಡಿ, ಕೈಗೆ ಸಿಕ್ಕ ಬಾಳೆ ನಾರಿನಿಂದ ಬಿಗಿದಳು. ಅವಳ ಮನೆಯವರದು ವೀಳ್ಯದೆಲೆ ವ್ಯಾಪಾರ. ಅಲ್ಲಿ ಎಲ್ಲವನ್ನೂ ಕಟ್ಟುವುದು ಬಾಳೆ ನಾರಿನಿಂದಲೇ.

"ಮುಂದಿನ ವಾರ ಇಲ್ಲಿಂದನ ಚಾಲೂ ಮಾಡೂಣು. ಬಸ್ಸಿನ ನೆವ ಹೇಳಿ ಸೋಲು ತಪ್ಪಿಸ್ಕೊಂಡಿ ಅಂತ ತಿಳೀಬ್ಯಾಡ," ಎಂದಳು.

ವಾರ ತುಂಬುವ ಮೊದಲೇ ಫೋನು ಬಂತು. ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲವಂತೆ.

ಈ ಆಟವನ್ನು ಮೊದಲು ಮನೆಗೆ ತಂದವಳೂ ಅಕ್ಕನ ಮಗಳೇ. ಶಿಗ್ಗಾಂವಿಯಲ್ಲಿ ನರ್ಸ್ ಕೆಲಸ ಮಾಡುತ್ತಾಳೆ. ಕಾರ್ಡುಗಳ ಮೇಲೆ ಇಂಗ್ಲಿಷಿನಲ್ಲಿದ್ದ ಬರಹಕ್ಕೆ ಬಿಳಿ ಚೀಟಿ ಅಂಟಿಸಿ ಕನ್ನಡದಲ್ಲಿ ಬರೆದುಕೊಟ್ಟವಳೂ ಅವಳೇ. ಶುರುವಿನಲ್ಲಿ ಒಬ್ಬೊಬ್ಬರಿಗೂ ಹತ್ತು ಕಾರ್ಡು: ಏಳು ಬಿಡಿಕಾಸು, ಮೂರು ಗುಡಿಸಲು. ಪ್ರತಿ ಸರದಿಗೂ ತನ್ನ ಕಟ್ಟಿನ ಮೇಲಿನಿಂದ ಐದು ಕಾರ್ಡು ಎತ್ತಿಕೊಂಡು, ಅದರಲ್ಲಿರುವ ಕಾಸಿಗೆ ತಕ್ಕಂತೆ ನಡುವಿನ ರಾಶಿಯಿಂದ ಹೊಸ ಕಾರ್ಡು ಕೊಳ್ಳಬೇಕು. ಕೊಂಡದ್ದು ನಮ್ಮ ಕಟ್ಟಿಗೇ ಸೇರುತ್ತದೆ, ಮುಂದೆ ಸುತ್ತಿ ಕೈಗೆ ಬರುತ್ತದೆ. ಬೆಳ್ಳಿ ಕೊಳ್ಳಬಹುದು, ಬಂಗಾರ ಕೊಳ್ಳಬಹುದು. ಕೊನೆಗೆ ಗೆಲ್ಲಿಸುವುದು ವಾಡೆ, ಅಂದರೆ ದೊಡ್ಡ ಮನೆ. ಗುಡಿಸಲಿಗೆ ಒಂದು ಅಂಕ, ವಾಡೆಗೆ ಆರು; ವಾಡೆಗಳೆಲ್ಲ ಮಾರಿಹೋದಾಗ ಹೆಚ್ಚು ಅಂಕ ಇದ್ದವರು ಗೆದ್ದಂತೆ.

ಇವುಗಳ ನಡುವೆ ಕಸಬರಿಗೆ ಎಂಬ ಒಂದು ಅಗ್ಗದ ಕಾರ್ಡಿತ್ತು. ಅದು ಕೈಗೆ ಬಂದಾಗ, ಆಗ ಕೈಯಲ್ಲಿರುವ ನಮ್ಮವೇ ಎರಡು ಕಾರ್ಡುಗಳನ್ನು ಆಟದಿಂದ ಹೊರಗೆ ಹಾಕಬಹುದು. ಅಷ್ಟೇ ಅದರ ಕೆಲಸ.

ಅಕ್ಕ ಯಾವಾಗಲೂ ಮೊದಲು ಕೊಳ್ಳುತ್ತಿದ್ದದ್ದು ಕಸಬರಿಗೆ. ಕೊಂಡವಳು ಗುಡಿಸಲುಗಳನ್ನು ಹೊರಗೆ ಹಾಕಿದರೆ ನನಗೆ ಅರ್ಥವಾಗುತ್ತಿತ್ತು, ಅವುಗಳಿಂದ ಏನನ್ನೂ ಕೊಳ್ಳಲು ಬರುವುದಿಲ್ಲ. ಆದರೆ ಅವಳು ಕಾಸನ್ನೂ ಹೊರಗೆ ಹಾಕುತ್ತಿದ್ದಳು. ನನಗೆ ಅದು ನೋಡಲಾಗುತ್ತಿರಲಿಲ್ಲ. ಕಾಲಿಗೆ ನಾಣ್ಯ ತಾಗಿದರೆ ಕಣ್ಣಿಗೆ ಒತ್ತಿಕೊಳ್ಳಬೇಕೆಂದು ನಮ್ಮವ್ವ ಕಲಿಸಿದ್ದಳು. ಇದು ರಟ್ಟಿನ ಮೇಲಿನ ಚಿತ್ರ ನಿಜ, ಆದರೂ ನಾನೂ ಕಸಬರಿಗೆ ಕೊಂಡಾಗ ಒಂದು ಕಾಸನ್ನೂ ಎಸೆಯಲಿಲ್ಲ. ಬಾಗಿಲ ಬಳಿ ಕೂತಿರುತ್ತಿದ್ದ ಅಕ್ಕನ ಅತ್ತೆ ನನ್ನ ಕಡೆಗೇ ಇದ್ದರು.

"ದೀಪಾ ಹಚ್ಚೂ ಹೊತ್ತಿನಾಗ ಕಸಬರಗಿ ಹಿಡದು ಲಕ್ಷ್ಮೀನ ಹೊರಗ ಹಾಕಾಕತ್ತಾಳ ನೋಡು ನಿಮ್ಮಕ್ಕ."

"ಅತ್ತಿ, ನಿಮ್ಮ ಲಕ್ಷ್ಮಿ ತಿರುಗಿ ಬಂಗಾರ ಆಗಿ ಬರ್ತಾಳ, ಸುಮ್ನ ಕುಂತ್ರಿ," ಎನ್ನುತ್ತಿದ್ದಳು ಅಕ್ಕ.

ಹಾಗೇ ಆಗುತ್ತಿತ್ತು. ಶುರುವಿನಲ್ಲಿ ಅವಳ ಕೈಯಲ್ಲಿ ಏನೂ ಕೊಳ್ಳಲಾಗದಂಥ ಬಡತನ, ಆಮೇಲೆ ಒಮ್ಮೆಲೇ ಸರದಿಗೊಂದು ವಾಡೆ. ಹೇಗೆ ಎಂದು ಕೇಳಿದರೆ, "ನನ್ನ ಕೂಡ ಒಂದಿನ ಎಲಿ ಆರಿಸಾಕ ಕುಂದರು, ಗೊತ್ತಾಕ್ಕತಿ," ಎಂದು ನಗುತ್ತಿದ್ದಳು. ನಾನು ಕೂರಲಿಲ್ಲ. ಹೋದಾಗಲೆಲ್ಲ ಮಾತು, ಊಟ, ಆಟ, ಬಸ್ಸು.

ಒಂದು ಸಲ ಆಟದ ಕೊನೆಗೆ ಅವಳ ಕಾರ್ಡುಗಳಲ್ಲಿ ಕಸಬರಿಗೆ ಕಾಣಲಿಲ್ಲ.

"ಎಲ್ಲಿ ಮುಚ್ಚಿಟ್ಟಿ? ತೊಡಿ ಕೆಳಗ ಐತೇನು?" ಎಂದೆ.

"ಎಬ್ಬಿಸಿ ನೋಡು ಬಾ, ಶಕ್ತಿ ಇದ್ರ."

ಇಬ್ಬರೂ ನಕ್ಕೆವು. ಮತ್ತೆ ಕೇಳಬೇಕೆಂದು ನನಗೆ ತೋಚಲಿಲ್ಲ.

ಈಗ ಕೇಳಲು ಅವಳಿಲ್ಲ. ಆದರೆ ಅವಳ ಕಟ್ಟು ಇತ್ತು. ಅದನ್ನು ಬಿಚ್ಚಿದರೆ ಅವಳ ಲೆಕ್ಕಾಚಾರ ತಿಳಿಯುತ್ತಿತ್ತು. ಬಿಚ್ಚಿದರೆ ಅವಳ ಕೈ ಹಾಕಿದ ಗಂಟು ಹೋಗುತ್ತಿತ್ತು. ನಾರು ಒಣಗಿ ಕಂದಾಗಿತ್ತು, ಮತ್ತೆ ಕಟ್ಟಲು ಹೋದರೆ ಮುರಿಯುವುದು ಖಂಡಿತ. ಬ್ಲೌಸಿನ ಕೆಲಸ ಮುಗಿದ ಮೇಲೆ ಎಷ್ಟೋ ಸಲ ಕೈಗೆತ್ತಿಕೊಂಡು ಹಾಗೇ ಇಟ್ಟೆ.

ಅದು ನಾಲ್ವರು ಆಡಬಹುದಾದ ಆಟ. ಉಳಿದ ಇಬ್ಬರ ಕಾರ್ಡುಗಳು ಪೆಟ್ಟಿಗೆಯಲ್ಲೇ ಇದ್ದವು. ಅವಳ ಕಟ್ಟನ್ನು ಮುಟ್ಟದೆಯೇ ತಿಳಿಯೋಣವೆಂದು, ಒಬ್ಬಳೇ ಎರಡೂ ಕೈ ಆಡಲು ಶುರುಮಾಡಿದೆ. ಹೊರಗೆ ರಸ್ತೆಯ ಅಂಚಿನಲ್ಲಿ ಗೋವಿನಜೋಳ ಹರವಿದ್ದರು, ಒಳಗೆ ನಾನು ಚಾಪೆಯ ಮೇಲೆ ಕಾರ್ಡು ಹರವಿಕೊಂಡಿದ್ದೆ. ಬಲಗಡೆಗೆ ನನ್ನಂತೆ ಆಡಿದೆ: ಕಾಸು ಉಳಿಸಿಕೊಂಡು, ಬೆಳ್ಳಿ ಸೇರಿಸಿಕೊಂಡು. ಎಡಗಡೆಗೆ ಅಕ್ಕನಂತೆ. ಮೊದಲ ಬಿಡಿಕಾಸನ್ನು ಹೊರಗೆ ಹಾಕುವಾಗ, ಯಾರೂ ನೋಡುತ್ತಿರದಿದ್ದರೂ, ಅದನ್ನು ಕಣ್ಣಿಗೆ ಒತ್ತಿಕೊಂಡೇ ಹಾಕಿದೆ.

ನಿಧಾನಕ್ಕೆ ತಿಳಿಯಿತು. ಬಲಗಡೆಯ ಕಟ್ಟಿನಲ್ಲಿ ಬಂಗಾರ ಇತ್ತು, ಆದರೆ ಇಪ್ಪತ್ತು ಕಾರ್ಡುಗಳ ನಡುವೆ ಎಲ್ಲೋ ಇತ್ತು. ಬಿಡಿಕಾಸುಗಳು ಅದರ ದಾರಿಗೆ ಅಡ್ಡ ನಿಂತಿದ್ದವು. ಎಡಗಡೆಯ ಕಟ್ಟು ಸಣ್ಣದು, ಕೊಂಡ ಬಂಗಾರ ಎರಡು ಸರದಿಯಲ್ಲಿ ಮತ್ತೆ ಕೈಗೆ ಬರುತ್ತಿತ್ತು. ಅಕ್ಕ ಎಲೆ ಆರಿಸುವುದು ಆಗ ಕಣ್ಣ ಮುಂದೆ ಬಂತು. ದಿನವೂ ಎಲೆಯ ಕಟ್ಟು ಬಿಚ್ಚಿ, ಕೊಳೆತದ್ದನ್ನಷ್ಟೇ ಅಲ್ಲ, ನಾಳೆಗೆ ಬಾಡುವಂಥದ್ದನ್ನೂ ತೆಗೆಯುತ್ತಿದ್ದಳು. ಚೆನ್ನಾಗಿದೆಯಲ್ಲ ಎಂದರೆ, "ಇವತ್ತ ಐತಿ," ಎನ್ನುತ್ತಿದ್ದಳು.

ಆದರೂ ಒಂದು ತೊಡಕು ಉಳಿಯಿತು. ಎಸೆಯುವುದು ಮುಗಿದ ಮೇಲೂ ಕಸಬರಿಗೆ ಕೈಗೆ ಬರುತ್ತಲೇ ಇತ್ತು. ಐದರಲ್ಲಿ ಒಂದು ಜಾಗ ವ್ಯರ್ಥ. ಅಕ್ಕ ಇದಕ್ಕೆ ಏನು ಮಾಡುತ್ತಿದ್ದಳು? ಎಷ್ಟು ಆಡಿದರೂ ನನ್ನ ಎಡಗೈ ಅವಳಷ್ಟು ಬೇಗ ಗೆಲ್ಲಲಿಲ್ಲ.

ಮುಂದಿನ ರಜೆಗೆ ಅಕ್ಕನ ಮಗಳು ಬಂದಳು. ಅವಳೆದುರು ಕಟ್ಟನ್ನು ಇಟ್ಟು, "ಬಿಚ್ಚಲೇನು?" ಎಂದು ಕೇಳಿದೆ.

"ನನ್ನ ಯಾಕ ಕೇಳ್ತಿ ಚಿಗವ್ವ? ಆಟ ನಿಂದು, ಅವ್ವಂದು."

"ಮತ್ತ ಕಟ್ಟಾಕ ಬರೂದಿಲ್ಲ."

"ಬಿಚ್ಚದ ಹ್ಯಾಂಗ ಆಡ್ತಿ?"

ಗಂಟು ಬಿಡಿಸಲು ಹೋದೆ, ನಾರು ತುಂಡಾಯಿತು. ಕಾರ್ಡುಗಳ ಅನುಕ್ರಮ ಕೆಡದಂತೆ ಒಂದೊಂದನ್ನೇ ತಿರುಗಿಸಿ ನೋಡಿದೆ. ತೆಳ್ಳನೆಯ ಕಟ್ಟು. ಬಂಗಾರ, ಒಂದೆರಡು ವಾಡೆ, ಒಂದು ಗುಡಿಸಲು. ಕಸಬರಿಗೆ ಇರಲಿಲ್ಲ.

"ಅದನ್ನೂ ಹೊರಗ ಹಾಕ್ಯಾಳ," ಎಂದಳು ಮಗಳು. "ಕಸಬರಗಿಯಿಂದ ಕಸಬರಗೀನೂ ತೆಗೀಬಹುದು. ಅವ್ವಗ ನಾನ ಹೇಳಿದ್ದೆ. ನಿನಗ ಹೇಳಬ್ಯಾಡ ಅಂದಿದ್ಲು."

"ಕಳ್ಳಿ," ಎಂದೆ. ಅಕ್ಕ ಹೋದ ಮೇಲೆ ಅವಳನ್ನು ಬೈದದ್ದು ಅದೇ ಮೊದಲು. ಹಾಯೆನಿಸಿತು.

"ಹಂಗಾರ ಈ ಗುಡಿಸಲಾ ಯಾಕ ಇಟ್ಕೊಂಡಾಳ? ಎಲ್ಲಾ ತೆಗದಾಕಿ ಇದನ್ನ ಯಾಕ ಬಿಟ್ಲು?"

"ಕೈಗೆ ಬಂದಿರ್ಲಿಕ್ಕಿಲ್ಲ ಬಿಡು."

ನನಗೆ ಹಾಗೆನಿಸಲಿಲ್ಲ. ಕಸಬರಿಗೆಯನ್ನು ಎಸೆಯುವ ಮೊದಲು ಅವಳು ಉಳಿದದ್ದನ್ನು ನೋಡಿರಲೇಬೇಕು. ಒಂದು ಅಂಕದ ಸಲುವಾಗಿಯೋ, ಬೇರೆ ಯಾವ ಯೋಚನೆಯೋ. ತಿಳಿಯಬೇಕಾದರೆ ಆಟ ಮುಗಿಯಬೇಕು. ಅಕ್ಕನ ಕಟ್ಟನ್ನು ಇದ್ದ ಹಾಗೇ ಬೋರಲು ಹಾಕಿ ನನ್ನ ಮುಂದಿಟ್ಟುಕೊಂಡೆ. ನನ್ನ ಕಟ್ಟನ್ನು ಅವಳ ಮಗಳಿಗೆ ಕೊಟ್ಟೆ.

"ಸರದಿ ಯಾರದಿತ್ತು?"

"ನಿಮ್ಮವ್ವಂದು."

ಮೇಲಿನ ಐದು ಎತ್ತಿದೆ. ನಾಲ್ಕು ಬಂಗಾರ, ಒಂದು ಗುಡಿಸಲು. ನಾನು ಬಸ್ಸಿಗೆ ಏಳದಿದ್ದರೆ ಅವಳ ಕೈಗೆ ಬರುತ್ತಿದ್ದದ್ದು ಇದೇ. ಒಂದು ವಾಡೆ ಕೊಂಡು ಮಿಗುವಷ್ಟಿತ್ತು. ಮಗಳು ಬಗ್ಗಿ ನೋಡಿ, "ಗೆದ್ಲಲ್ಲ ಅವ್ವ," ಎಂದಳು.

"ಇನ್ನೂ ಮುಗದಿಲ್ಲ," ಎಂದು ಅಕ್ಕನ ಪರವಾಗಿ ವಾಡೆ ಕೊಂಡೆ. "ಆಡು ನೀ."