ಇಲಿ ಕಚ್ಚಿದ ಮೂಲೆ

ನನ್ನ ಕಪಾಟಿನಲ್ಲಿ, ಮನೆಯೊಳಗೆ ಇರಲೇಬಾರದ ಒಂದು ಪೋಸ್ಟ್‌ಕಾರ್ಡು ಇದೆ. ಅಂಥದ್ದನ್ನು ಹೊಸ್ತಿಲ ಹೊರಗೇ ಓದಿ ಹರಿದು ಎಸೆಯಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ಮೂವತ್ತು ವರ್ಷದ ಮೇಲಾಯಿತು, ನಾನು ಹರಿದಿಲ್ಲ. ಮನೆ ಬದಲಿಸಿದಾಗಲೆಲ್ಲ ಅದೂ ನನ್ನ ಸೀರೆಗಳ ನಡುವೆ ಕುಳಿತು ಬಂದಿದೆ.

ಎಂಬತ್ತರ ದಶಕದ ಕೊನೆಯ ವರ್ಷಗಳವು. ರಾಣೆಬೆನ್ನೂರಿನಲ್ಲಿ ಅಪ್ಪನದೊಂದು ಸಣ್ಣ ಮುದ್ರಣಾಲಯವಿತ್ತು. ಮುಂದಿನ ಕೋಣೆಯಲ್ಲಿ ಕಾಲಿನಿಂದ ತುಳಿಯುವ ಯಂತ್ರ, ಹಿಂದೆ ನಮ್ಮ ಮನೆ. ಬೀಜದ ಪೊಟ್ಟಣದ ಚೀಟಿ, ಮದುವೆ ಕಾರ್ಡು, ತಿಥಿ ಕಾರ್ಡು ಇವೇ ನಮ್ಮ ಅನ್ನ. ನಾನು ಚಿತ್ರಕಲೆಯ ಪರೀಕ್ಷೆ ಪಾಸಾಗಿ, ನೋಡಲು ಬಂದ ಗಂಡುಗಳಿಗೆಲ್ಲ ಒಂದೊಂದು ಕೊಂಕು ತೆಗೆದು, ಅಪ್ಪನ ಮೇಜಿನ ತುದಿಯಲ್ಲಿ ಬ್ರಶ್ಶು ಹಿಡಿದು ಕುಳಿತಿದ್ದೆ. ನನ್ನ ಕೈಯ ಮೇಲೆ ನನಗೆ ಬಹಳ ಗರ್ವವಿತ್ತು. ಈಗ ಬರೆಯಲು ನಾಚಿಕೆ, ಆದರೆ ಇತ್ತು.

ಆಗಷ್ಟೇ ಓಣಿಗೆ ಒಂದೆರಡು ಟೀವಿ ಬಂದಿದ್ದವು. ಭಾನುವಾರ ಬೆಳಿಗ್ಗೆ ಮಕ್ಕಳೆಲ್ಲ ಅಲ್ಲಿ ಗುಂಪು ಕೂಡಿ ಕಾರ್ಟೂನು ನೋಡಿ ಬಂದು ಬೀದಿಯಲ್ಲಿ ಅದನ್ನೇ ಆಡುತ್ತಿದ್ದರು. ನಮ್ಮ ಹುಟ್ಟುಹಬ್ಬದ ಕಾರ್ಡಿನ ಮೇಲೆ ಮಾತ್ರ ಮದುವೆ ಕಾರ್ಡಿನ ಗಣಪತಿಯೇ. ಕೆಳಗೆ ‘ತಮ್ಮ ಆಗಮನಾಭಿಲಾಷಿಗಳು’ ಎಂಬ ಸಾಲು. ಐದು ವರ್ಷದ ಮಗುವಿಗೆ ಆಗಮನಾಭಿಲಾಷೆಯೆಂದರೆ ಏನು ತಿಳಿಯಬೇಕು? ನಾನು ಚಡ್ಡಿ ಹಾಕಿದ ಮೊಲ, ಸೈಕಲ್ ಹೊಡೆಯುವ ಆನೆ, ಮೂಗಿನ ಮೇಲೆ ಚಾಳೀಸು ಏರಿಸಿದ ಎಮ್ಮೆ ಬರೆದೆ. ಅಪ್ಪ ಅವನ್ನು ಹುಬ್ಬಳ್ಳಿಗೆ ಕಳಿಸಿ ಲೋಹದ ಅಚ್ಚು ಮಾಡಿಸಿದರು. ಹಾವೇರಿಯ ಪ್ರೆಸ್ಸಿನವರು ಬಂದು ಆನೆಯ ಅಚ್ಚನ್ನು ಎರವಲು ಒಯ್ದರು. ನನ್ನ ತಲೆ ತಿರುಗಲು ಅಷ್ಟು ಸಾಕಿತ್ತು.

ಪಕ್ಕದ ಮನೆಯ ಬಟ್ಟೆ ಅಂಗಡಿಯವರ ಮಗಳಿಗೆ ಐದು ತುಂಬುವುದಿತ್ತು. ದಿನಾ ಬಂದು ನನ್ನ ಮೇಜಿನ ಮೇಲೆ ಕುಳಿತು, ಕಾಲು ಆಡಿಸುತ್ತ ಚಿತ್ರ ನೋಡುವ ಹುಡುಗಿ. ಅವಳಿಗೆ ಕೇಕು ಬೇಡ, ಫ್ರಾಕು ಬೇಡ, ಮೇಡ್ಲೇರಿಯ ಅಜ್ಜಿ ಬೇಕಿತ್ತು. ಅದು ತಾಯಿಯ ತಾಯಿ. ಇವಳ ಹೆಸರಿಡುವ ದಿನವೇ ಬೀಗರಲ್ಲಿ ಮಾತಿಗೆ ಮಾತು ಬೆಳೆದು, ಆ ಮುದುಕಿ ‘ಇನ್ನ ಈ ಹೊಸ್ತಿಲಾ ತುಳಿಯಾಂಗಿಲ್ಲ’ ಎಂದು ಎದ್ದು ಹೋಗಿದ್ದಳು. ಮಗು ಅವಳನ್ನು ಕಂಡದ್ದು ಒಮ್ಮೆ, ಕದರಮಂಡಲಗಿಯ ಆಂಜನೇಯನ ಗುಡಿಯಲ್ಲಿ, ಅದೂ ದೂರದಿಂದ.

“ಅಜ್ಜಿ ಬರೋಹಂಗ ಕಾರ್ಡ್ ಮಾಡ್ರಿ ಅಕ್ಕಾರ,” ಎಂದಳು.

“ನಾ ಮಾಡಿದ ಕಾರ್ಡ್ ನೋಡಿದ್ರ ಗುಡಿಯಾಗಿನ ದೇವ್ರೂ ಎದ್ದು ಬರ್ತಾನ ತಗೋ,” ಎಂದೆ.

ಗುಲಾಬಿ ಕಾರ್ಡಿನ ಮೇಲೆ ಒಂದು ದೊಡ್ಡ ಕೇಕು, ಪಕ್ಕದಲ್ಲಿ ಕೆನ್ನೆ ಉಬ್ಬಿಸಿಕೊಂಡ ಇಲಿ, ಮೀಸೆಯ ಮೇಲೆ ಚೂರುಪಾರು. ಚಿತ್ರ ಅಷ್ಟೇ ಆಗಿದ್ದರೆ ಯಾರಾದರೂ ಬರೆಯುತ್ತಿದ್ದರು. ನನ್ನ ಇಲಿ ಕಾರ್ಡನ್ನೇ ತಿಂದಿರಬೇಕು ಎನಿಸಿತು. ತಗಡಿನ ಕೆಲಸದವನಿಂದ ಹಲ್ಲಿನ ಗುರುತಿನ ಒಂದು ಪಟ್ಟಿ ಬಗ್ಗಿಸಿ ತಂದು, ಪ್ರತಿ ಕಾರ್ಡಿನ ಬಲಮೂಲೆಯ ಮೇಲಿಟ್ಟು ಸುತ್ತಿಗೆಯಿಂದ ಹೊಡೆದೆ. ಮೂಲೆ ಹಾರಿ ಹೋಯಿತು. ಹುಡುಗಿ ಆ ಹಲ್ಲಿನ ಗುರುತಿನೊಳಗೆ ಬೆರಳು ಇಟ್ಟು ಬಿಕ್ಕಳಿಕೆ ಬರುವಷ್ಟು ನಕ್ಕಳು.

ಯಂತ್ರ ತುಳಿಯುತ್ತಿದ್ದ ಚಾಚಾ ಕಾಲು ನಿಲ್ಲಿಸಿದರು. ನಾನು ಹುಟ್ಟುವ ಮೊದಲಿನಿಂದ ಅಪ್ಪನ ಜೊತೆ ಇದ್ದವರು. ಮನೆಯಲ್ಲಿ ಉರ್ದು, ನಮ್ಮ ಜೊತೆ ನಮಗಿಂತ ಅಚ್ಚುಕಟ್ಟಾದ ಕನ್ನಡ.

“ಮೂಲಿ ಕಡದ್ರ ಹೆಂಗವ್ವಾ? ಸಾವಿನ ಪತ್ರಕ್ಕಷ್ಟ ಮೂಲಿ ಹರೀತಾರ.”

ನನಗೆ ಗೊತ್ತಿರಲಿಲ್ಲ ಎಂದೇನಲ್ಲ. ಶುಭಪತ್ರಕ್ಕೆ ನಾಲ್ಕೂ ಮೂಲೆಗೆ ಅರಿಸಿನ, ಸತ್ತ ಸುದ್ದಿಯ ಪತ್ರಕ್ಕೆ ಮೂಲೆ ಹರಿಯುವುದು. ಓದು ಬಾರದವರಿಗೂ ಕೈಗೆ ಬಂದ ಕೂಡಲೇ ತಿಳಿಯಲೆಂದು ಹಿರಿಯರು ಮಾಡಿದ ಏರ್ಪಾಡು ಅದು.

“ಅದು ಪೋಸ್ಟ್‌ಕಾರ್ಡಿನ ಮಾತು ಚಾಚಾ. ಇದರಾಗ ಇಲಿ ಐತಿ, ಕೇಕ್ ಐತಿ. ಕಣ್ಣಿದ್ದವ್ರಿಗೆ ಕಾಣ್ತೈತಿ,” ಎಂದೆ.

“ನಿಮ್ಮ ಕೈ, ನಿಮ್ಮ ಕಾರ್ಡು,” ಎಂದು ಅವರು ಮತ್ತೆ ತುಳಿಯತೊಡಗಿದರು.

ಲಕೋಟೆಯೂ ಬೇಡ, ದಾರಿಯುದ್ದಕ್ಕೂ ಜನ ಇಲಿಯನ್ನು ನೋಡಲಿ ಎಂದವಳೂ ನಾನೇ. ಹುಡುಗಿಯ ತಾಯಿ ಮೂರು ಮೂಲೆಗೆ ಅರಿಸಿನ ಹಚ್ಚಿ, ನಾಲ್ಕನೆಯದು ಇರಬೇಕಾದ ಕಡೆ ಬೆರಳು ಹಿಡಿದು ನಿಂತದ್ದನ್ನು ನಾನು ಕಂಡೆ. ಮಗು ಕುಣಿಯುತ್ತಿತ್ತು. ಅವರು ಕಾರ್ಡುಗಳನ್ನು ಅಂಚೆಗೆ ಹಾಕಿಸಿದರು, ಒಂದು ಮೇಡ್ಲೇರಿಗೂ.

ಹುಟ್ಟುಹಬ್ಬದ ಸಂಜೆ ಓಣಿಯ ಮಕ್ಕಳೆಲ್ಲ ಕಾರ್ಡು ಹಿಡಿದುಕೊಂಡೇ ಬಂದರು. ಬ್ಯಾಡಗಿಯ ದೊಡ್ಡಪ್ಪನೊಬ್ಬ, ಮೂಲೆ ನೋಡಿದ್ದೇ ತಲೆಯ ಮೇಲೆ ನೀರು ಸುರಿದುಕೊಂಡು ಆಮೇಲೆ ಓದಿದೆನೆಂದು ಹೇಳಿ ತಾನೇ ನಕ್ಕ. ನಾನೂ ನಕ್ಕೆ. ಆ ನಗು ಮುಗಿದಿರಲಿಲ್ಲ, ಓಣಿಯ ತುದಿಯಿಂದ ಹಾಡಿಕೊಂಡು ಅಳುವ ದನಿ ಕೇಳಿತು.

ಮೇಡ್ಲೇರಿಯ ಅಜ್ಜಿ. ಕಾಲಲ್ಲಿ ಚಪ್ಪಲಿಯಿಲ್ಲ, ತುರುಬು ಬಿಚ್ಚಿದೆ, ಎದೆ ಬಡಿದುಕೊಳ್ಳುತ್ತ ಬರುತ್ತಿದ್ದಾಳೆ. ಆ ಬೇಸಿಗೆಯಲ್ಲಿ ಮಗುವಿಗೆ ಕಾಮಾಲೆಯಾಗಿತ್ತು, ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಕಾರ್ಡು ಅಂದೇ ಅವಳ ಕೈಸೇರಿತ್ತು, ಬಸ್ಸಿನಲ್ಲಿ ಕುಳಿತು ದಾರಿಯುದ್ದಕ್ಕೂ ಈ ಮಗುವಿಗಾಗಿ ಅತ್ತಿದ್ದಳು. ಬಾಗಿಲಲ್ಲಿ ಹಳದಿ ಫ್ರಾಕು, ಕಾಗದದ ಟೊಪ್ಪಿಗೆ ಹಾಕಿಕೊಂಡು ನಿಂತವಳನ್ನು ಕಂಡದ್ದೇ ಬೀದಿಯ ಮಣ್ಣಿನಲ್ಲಿ ಕುಸಿದು ಕುಳಿತಳು.

“ಇಲಿ ಚಿತ್ರಾ ನೋಡ್ಲಿಲ್ಲೇನಬೇ?” ಎಂದರು ಹುಡುಗಿಯ ತಾಯಿ.

“ಮೂಲಿ ನೋಡಿದ ಮ್ಯಾಲ ಮತ್ತೇನ್ ನೋಡ್ಲೆವಾ?”

ಸತ್ತವರಿಗೆ ಅತ್ತು ಬಂದವಳು ಶುಭದ ಮನೆ ಹೊಗಬಾರದೆಂದು ಅಂಗಳದಲ್ಲೇ ನಿಂತಳು. ಅಲ್ಲೇ ಬಿಸಿನೀರು ಹಾಕಿ, ಒಣ ಸೀರೆ ಉಡಿಸಿದ ಮೇಲೆ ಹೊಸ್ತಿಲು ದಾಟಿದಳು. ಆಮೇಲೆ ಮಗುವಿನ ಕೈ ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು.

“ಅಜ್ಜಿ ಯಾಕ ಅಳಾಕತ್ತಾಳ?” ಮಗು ಕೇಳಿದ್ದು ನನ್ನನ್ನು.

“ಖುಷಿಗೆ. ನಿನ್ನ ಕಾರ್ಡ್ ನೋಡಿ ಓಡಿ ಬಂದಾಳ,” ಎಂದೆ.

ಐದು ವರ್ಷದ ಜಗಳ ಕರಗಿತೆಂದು ಎಲ್ಲರೂ ನನ್ನನ್ನು ಹೊಗಳಿದರು. ಆದರೆ ಬದುಕಿರುವ ಮಗುವಿಗೆ ಆ ಮುದುಕಿ ಅತ್ತ ಅಳು ನನ್ನ ಕೈಯಿಂದ ಹೊರಟದ್ದು. ಇವತ್ತಿಗೂ ಎಲ್ಲಾದರೂ ಹೆಂಗಸರು ಹಾಡಿಕೊಂಡು ಅತ್ತರೆ ನಾನು ಮೊದಲು ನೋಡುವುದು ನನ್ನ ಬೆರಳುಗಳನ್ನು.

ಅಲ್ಲಿಂದ ಅಜ್ಜಿ ಪ್ರತಿ ಅಮಾವಾಸ್ಯೆಗೆ ಬರತೊಡಗಿದಳು. ಮರುವರ್ಷ ಹುಡುಗಿ ಮತ್ತೆ ಇಲಿಯನ್ನೇ ಕೇಳಿದಳು. ನಾನು ಆನೆಯನ್ನು ಹಾಕಿ ನಾಲ್ಕು ಮೂಲೆಯ ಕಾರ್ಡು ಮಾಡಿದೆ.

“ಇಲಿ ಕಚ್ಚದಿದ್ರ ಅಜ್ಜಿ ಬರಾಂಗಿಲ್ಲರಿ,” ಎಂದು ಅತ್ತಳು.

“ಹುಚ್ಚಿ, ಈಗ ಕರೀದನ ಬರ್ತಾಳ,” ಎಂದೆ. ಅಜ್ಜಿಗೆ ಜ್ವರ, ಬರಲಿಲ್ಲ. ಆ ಸಂಜೆ ಹುಡುಗಿ ಟೊಪ್ಪಿಗೆ ಕೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು.

ತಿಂಗಳೊಳಗೆ ಮೇಡ್ಲೇರಿಯಿಂದ ಆಳು ಬಂದ. ತಂದೆತಾಯಿ ಮಗುವಿಗೆ ಏನೂ ಹೇಳದೆ ನಮ್ಮ ಮನೆಯಲ್ಲಿ ಬಿಟ್ಟು ಬಸ್ಸು ಹತ್ತಿದರು. ಮರುದಿನ ಮಧ್ಯಾಹ್ನ ಅಜ್ಜಿಯ ಮಗ ಪೋಸ್ಟ್‌ಕಾರ್ಡಿನ ಕಟ್ಟು ತಂದುಕೊಟ್ಟು, ಸಂಜೆಗೆ ಬರುತ್ತೇನೆಂದು ಹೋದ. ಚಾಚಾ ಅಜ್ಜಿಯ ಸಾವಿನ ಸುದ್ದಿಯನ್ನು ಕಪ್ಪು ಮಸಿಯಲ್ಲಿ ಅಚ್ಚು ಹಾಕಿದರು. ಮೂಲೆ ಕತ್ತರಿಸುವ ಕೆಲಸ ನನ್ನದು. ತಗಡಿನ ಪಟ್ಟಿ ಡ್ರಾಯರಿನಲ್ಲೇ ಇತ್ತು, ಮುಟ್ಟಲಿಲ್ಲ. ಕತ್ತರಿಯಿಂದ ಒಂದೊಂದಾಗಿ ಕತ್ತರಿಸಿದೆ.

ಒಳಗೆ ಉಂಡ ಹುಡುಗಿ ಕೈ ಒರೆಸಿಕೊಳ್ಳುತ್ತ ಬಂದು, ಮೇಜಿನ ಮೇಲಿನ ಮೂಲೆಯಿಲ್ಲದ ಕಾರ್ಡುಗಳ ರಾಶಿ ನೋಡಿದಳು. ಒಂದನೇ ಇಯತ್ತೆ, ಅಕ್ಷರ ಕೂಡಿಸಿ ಓದಲು ಇನ್ನೂ ಬಾರದು. ಮುಖ ಅರಳಿತು.

“ಯಾರ್ ಬರ್ತಡೇರಿ ಅಕ್ಕಾರ?”

ಚಾಚಾ ಎದ್ದು ಹೊರಗಿನ ನಲ್ಲಿಯ ಹತ್ತಿರ ಹೋಗಿ ನಿಂತರು.

“ಇಲಿ ಬಿಡಿಸೋದು ಮರ್ತೀರಿ,” ಎಂದು ಅವಳು ನನ್ನ ಪೆನ್ಸಿಲು ತೆಗೆದುಕೊಂಡಳು. ಕತ್ತರಿಸಿದ ಮೂಲೆಯ ಪಕ್ಕದಲ್ಲಿ ಒಂದು ಸೊನ್ನೆ, ಎರಡು ಕಿವಿ, ಉದ್ದ ಬಾಲ. ನಾನೇ ಕಲಿಸಿದ್ದು. ಕಸಿದುಕೊಳ್ಳಬಹುದಿತ್ತು. ತೊಡೆಯ ಮೇಲೆ ಕೂರಿಸಿಕೊಂಡು ನಿಜ ಹೇಳಬಹುದಿತ್ತು. ಮೀಸೆ ಬರೆದು ಮುಗಿಸುವವರೆಗೂ ನಾನು ಕತ್ತರಿ ಹಿಡಿದು ಕುಳಿತೇ ಇದ್ದೆ.

“ಇದನ್ನ ಅಜ್ಜಿಗೆ ಕಳಸ್ರಿ. ಈ ಸಲ ಕಚ್ಚೇತಿ, ಬಂದ ಬರ್ತಾಳ,” ಎಂದು ನನ್ನ ಕೈಗೆ ಕೊಟ್ಟಳು.

“ಹೂಂ, ಕಳಸ್ತೇನಿ,” ಎಂದೆ.