ಎಲೆಯಿಲ್ಲದ ಸೀತಾಫಲ

ಎಣಿಸುವುದು ನನ್ನ ನೌಕರಿ. ಮೊದಮೊದಲು ಇದನ್ನು ಹೇಳಿಕೊಳ್ಳಲು ಸಂಕೋಚವಾಗುತ್ತಿತ್ತು. ಬೀದರಿನ ನಮ್ಮ ಓಣಿಯಲ್ಲಿ ಯಾರಾದರೂ ಕೇಳಿದರೆ, "ಅರಣ್ಯ ಜಲಾನಯನ ಪುನಶ್ಚೇತನ ಯೋಜನೆಯಲ್ಲಿ ಪರಿಸರ ಸಮೀಕ್ಷೆ" ಎಂದು ಒಂದೇ ಉಸಿರಿಗೆ ಹೇಳಿ, ಅವರು ಎರಡನೆಯ ಪ್ರಶ್ನೆ ಕೇಳುವ ಮೊದಲೇ ಮನೆ ಸೇರಿಕೊಳ್ಳುತ್ತಿದ್ದೆ. ನಮ್ಮವ್ವ ಮಾತ್ರ ಅಷ್ಟು ದೊಡ್ಡ ಹೆಸರನ್ನು ಎರಡು ಮಾತಿಗೆ ಇಳಿಸಿಬಿಟ್ಟಿದ್ದಳು. "ಗಿಡ ಎಣಸ್ತಾಳ್ರಿ" ಎನ್ನುವಳು. ಸ್ವಲ್ಪ ತಡೆದು, "ಅದಕ್ಕ ಎಂ.ಎಸ್ಸಿ. ಬೇಕಾಯ್ತ್ ನೋಡ್ರಿ" ಎಂದು ಸೇರಿಸುವಳು.

ಅವ್ವ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಔರಾದ ಕಡೆ ಒಂದು ಬೋಳು ಗುಡ್ಡವಿದೆ. ಬಿದ್ದ ಮಳೆಯೆಲ್ಲ ಕೆಂಪು ಮಣ್ಣನ್ನೂ ಕರೆದುಕೊಂಡು ಹಳ್ಳಕ್ಕೆ ಓಡಿಹೋಗುತ್ತಿತ್ತು. ಓಡುವ ನೀರನ್ನು ತಡೆದು ನಿಲ್ಲಿಸಲು ನಮ್ಮವರು ಇಳಿಜಾರಿಗೆ ಅಡ್ಡವಾಗಿ ಕಂದಕ ತೋಡಿ, ಅದರ ಬದುವಿನ ಮೇಲೆ ಸಸಿ ನೆಟ್ಟಿದ್ದರು. ಬೇವು, ಹೊಂಗೆ, ಎಲ್ಲಕ್ಕಿಂತ ಹೆಚ್ಚಾಗಿ ಸೀತಾಫಲ. ಅವು ಬದುಕಿವೆಯೋ ಸತ್ತಿವೆಯೋ ನೋಡಿ ಬರೆಯುವುದು ನನ್ನ ಕೆಲಸ. ಸತ್ತಿದ್ದರೆ ಕಾರಣವನ್ನೂ ಬರೆಯಬೇಕು. ಫಾರಮಿನಲ್ಲಿ ಬರ, ಗೆದ್ದಲು, ಬೆಂಕಿ, ಮೇವು ಎಂದು ನಾಲ್ಕು ಕಾರಣಗಳಿದ್ದವು. 'ಗೊತ್ತಿಲ್ಲ' ಎಂಬ ಐದನೆಯದೊಂದು ಇದ್ದಿದ್ದರೆ ಈ ಪ್ರಬಂಧ ಹುಟ್ಟುತ್ತಿರಲಿಲ್ಲ.

ಆ ಗುಡ್ಡದಲ್ಲಿ ಕುರಿ ಮೇಯಿಸುವಾಕೆ ತೇಜಮ್ಮ. ಬುಡದ ಹಳ್ಳಿಯವಳು. ಊರವರೆಲ್ಲ ಆಯಿ ಎನ್ನುತ್ತಾರೆ, ನಾನೂ ಹಾಗೇ ಕರೆಯತೊಡಗಿದೆ. ಮೊದಲ ದಿನವೇ ನಮ್ಮಿಬ್ಬರಿಗೆ ಲೆಕ್ಕ ಕೂಡಲಿಲ್ಲ. ಕುರಿ ಎಷ್ಟಿವೆ ಎಂದು ಕೇಳಿದೆ. ಅದಕ್ಕೂ ಫಾರಮಿನಲ್ಲಿ ಒಂದು ಖಾನೆಯಿತ್ತು.

"ಜೀವದ ಲೆಕ್ಕ ಬಾಯಿಲೆ ಹೇಳಬಾರದ್ರಿ ಮೇಡಂ. ದೃಷ್ಟಿ ಆಗ್ತದ."

"ಮತ್ತ ಒಂದು ಕಡಿಮಿ ಆದ್ರ ಹ್ಯಾಂಗ ಗೊತ್ತಾಗ್ತದ ಆಯಿ?"

"ನಿಮ್ಮ ಮನ್ಯಾಗ ಉಣ್ಣಾಕ ಕುಂತಾಗ ಒಬ್ಬರು ಇಲ್ಲಂದ್ರ, ಎಣಸಿ ನೋಡ್ತೀರೇನ್ರಿ?"

ಖಾನೆಯನ್ನು ಖಾಲಿ ಬಿಟ್ಟೆ. ಆದರೆ ಲೆಕ್ಕ ಮುಚ್ಚಿಡುವವರು ಮತ್ತೇನನ್ನೋ ಮುಚ್ಚಿಡುತ್ತಿರಬೇಕು ಎಂಬ ಸಣ್ಣ ಅನುಮಾನ ಅಂದೇ ನನ್ನ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಯುಗಾದಿ ಕಳೆದ ಮೇಲೆ ಬೇಸಿಗೆಯ ಎಣಿಕೆಗೆ ಹೋದೆ. ಸೀತಾಫಲದ ಸಾಲಿಗೆ ಸಾಲೇ ಒಣಕಡ್ಡಿಯಾಗಿ ನಿಂತಿತ್ತು. ಒಂದು ಎಲೆಯಿಲ್ಲ. ಮಣ್ಣಿನ ಮೇಲೆ ಮಾತ್ರ ಎಲ್ಲಿ ನೋಡಿದರಲ್ಲಿ ಕುರಿಗಳ ಗೊರಸಿನ ಗುರುತು. ಇನ್ನೇನು ಬೇಕು? ಪತ್ತೇದಾರಳ ಗತ್ತಿನಲ್ಲಿ 'ಸತ್ತಿದೆ' ಎಂದು ಬರೆದೆ, ಕಾರಣಕ್ಕೆ 'ಮೇವು' ಎಂದು ಗುರುತು ಹಾಕಿದೆ. ಸಂಜೆ ಬಸ್ಸಿನಲ್ಲಿ ಬೀದರಿಗೆ ಮರಳುವಾಗ ಬಹಳ ಕೆಲಸ ಮಾಡಿದ ಆಯಾಸ ನನಗೆ ಹಿತವಾಗಿಯೇ ಇತ್ತು.

ವರದಿ ಹೋಯಿತು. ಸಾಹೇಬರು ಒಪ್ಪಿದರು. ಹತ್ತು ದಿನದಲ್ಲಿ ಗುಡ್ಡದ ದಾರಿಗೆ ಮುಳ್ಳುತಂತಿ ಬಿತ್ತು, ಗೇಟಿಗೆ ಬೀಗ ಬಿತ್ತು. ಎರಡು ಮಳೆಗಾಲ ಕುರಿಗಳಿಗೆ ಪ್ರವೇಶವಿಲ್ಲ ಎಂಬ ಬೋರ್ಡೂ ಬಂತು.

ಮುಂದಿನ ಸಲ ಹೋದಾಗ ಗೇಟಿನ ಹೊರಗೆ ತೇಜಮ್ಮ ಕುಳಿತಿದ್ದಳು. ಮಡಿಲಲ್ಲಿ ಒಂದು ಮರಿ, ಅದರ ಮುಂಗಾಲಿಗೆ ಬಿದಿರಿನ ಸೀಳು ಇಟ್ಟು ಬಟ್ಟೆ ಕಟ್ಟಿತ್ತು. ಗುಡ್ಡ ದಾಟಿದರೆ ನೀರು ಹತ್ತಿರ. ಈಗ ಡಾಂಬರು ರಸ್ತೆ ಹಿಡಿದು ಸುತ್ತಿ ಹೋಗಬೇಕು. ಅಲ್ಲಿ ಒಂದು ಬೈಕು ಬಡಿದಿತ್ತಂತೆ. ಅವಳು ಜಗಳಕ್ಕೆ ಬಂದಿದ್ದಾಳೆಂದು ನಾನು ಉತ್ತರಗಳನ್ನು ಜೋಡಿಸಿಕೊಂಡೆ. ಅವಳು ಕೇಳಿದ್ದು ಒಂದೇ ಮಾತು.

"ಸೀತಾಫಲದ ತಪ್ಪಲ ಕುರಿ ತಿನ್ನೋದು ಎಲ್ಲಿ ನೋಡೀರಿ ಮೇಡಂ? ನಮಗೂ ಜರಾ ತೋರಸ್ರಿ."

ಕುರಿ ಬಾಯಿ ಹಾಕದ ಆ ಎಲೆಯನ್ನು ತಿನ್ನುವುದು ನಾನು ಎಲ್ಲಿ ನೋಡಿದ್ದೆ? ನಾನು ನೋಡಿದ್ದು ಹಣ್ಣನ್ನು. ಭಾಲ್ಕಿಯ ಅಜ್ಜಿ ಅವನ್ನು ಜೋಳದ ಬುಟ್ಟಿಯಲ್ಲಿ ಹುಗಿದಿಟ್ಟು ಮಾಗಿಸುತ್ತಿದ್ದಳು; ಮೊಮ್ಮಕ್ಕಳಲ್ಲಿ ಬೀಜ ಉಗುಳುವ ಪಂದ್ಯದಲ್ಲಿ ನಾನೇ ಮುಂದು. ಮುಂದೆ ಕಾಲೇಜಿನಲ್ಲಿ ಅದರ ಲ್ಯಾಟಿನ್ ಹೆಸರು ಕಲಿತೆ. ಬೇಸಿಗೆಯಲ್ಲಿ ಎಲೆ ಉದುರಿಸುವ ಜಾತಿಯೆಂದು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಆದರೆ ಬೇಸಿಗೆಯಲ್ಲಿ ಅದರ ಎದುರು ಒಮ್ಮೆಯೂ ನಿಂತವಳಲ್ಲ. ಉತ್ತರಪತ್ರಿಕೆಯಿಂದ ಗುಡ್ಡಕ್ಕೆ ಬೀದರಿನಿಂದ ಔರಾದಿಗೆ ಇರುವುದಕ್ಕಿಂತ ದೂರ, ನೇರ ಬಸ್ಸೂ ಇಲ್ಲ.

ಬೀಗ ತೆಗೆದು ಅವಳನ್ನು ಒಳಗೆ ಕರೆದೆ. ಅವಳು ಒಂದು ಕಡ್ಡಿಯ ಬಳಿ ಕುಕ್ಕರಗಾಲಲ್ಲಿ ಕುಳಿತು, ಹೆಬ್ಬೆರಳಿನ ಉಗುರಿನಿಂದ ತೊಗಟೆಯನ್ನು ಕೂದಲೆಳೆಯಷ್ಟು ಕೆರೆದಳು. ಒಳಗೆ ಹಸಿರು. ಮುಂದಿನದನ್ನು ಕೆರೆದಳು, ಹಸಿರು. ಮೂರನೆಯದನ್ನು ಕೆರೆದು ತಲೆಯಾಡಿಸಿದಳು. "ಇದು ಖರೇನೇ ಸತ್ತದ. ಹಿಂಗಂತ ಎಲ್ಲಾನೂ ಸಾಯಸ್ತೀರೇನು?"

ನಿಮ್ಮಲ್ಲಿ ನಿಜ ಹೇಳಿಬಿಡುತ್ತೇನೆ. ಅಂದು ಬಸ್ಸಿನಲ್ಲಿ ನನಗೆ ಒಳ್ಳೆಯ ಬುದ್ಧಿ ತಾನಾಗಿ ಬರಲಿಲ್ಲ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಮಳೆ ಬಿದ್ದರೆ ಸೀತಾಫಲ ತಾನೇ ಚಿಗುರುತ್ತದೆ, ತಪ್ಪು ತಾನೇ ಮುಚ್ಚಿಹೋಗುತ್ತದೆ, ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಅರ್ಧ ದಾರಿ ಯೋಚಿಸಿದೆ. ಉಳಿದರ್ಧ ದಾರಿ ಆ ಮರಿಯ ಕಾಲು ಕಣ್ಣೆದುರಿಗೆ ಬರುತ್ತಿತ್ತು. ಮಳೆ ಬರುವವರೆಗೆ ಅವು ರಸ್ತೆಯ ಮೇಲೆಯೇ ನಡೆಯಬೇಕಲ್ಲ.

ಮರುದಿನ ಸಾಹೇಬರ ಮುಂದೆ ನಿಂತು, "ಸರ್, ನಾ ಎಣಿಸಿದ್ದು ತಪ್ಪಾಗ್ಯದರಿ" ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಒರೆಸಲು ಅದರಲ್ಲಿ ಧೂಳೇನೂ ಇರಲಿಲ್ಲ. "ಬೇಲಿ ಹಾಕಿ ಮುಗಿಸೀವಿ. ಈಗ ಹೇಳ್ತೀರಲ್ಲ" ಎಂದರು. ಆದರೂ ಬಂದರು. ಗುಡ್ಡ ಹತ್ತಿ, ಏದುಸಿರು ಬಿಡುತ್ತ, ತಾವೇ ಉಗುರು ಹಾಕಿ ಕೆರೆದು ನೋಡಿದರು. ಆಮೇಲೆ ಮೂರು ದಿನ ನಾನು, ತೇಜಮ್ಮ ಇಬ್ಬರೂ ಕೂಡಿ ಒಂದೊಂದು ಕಡ್ಡಿಯನ್ನೂ ಕೆರೆದೆವು. ಅವಳು 'ಜೀವ ಅದ' ಎನ್ನುವಳು, ನಾನು ಬರೆಯುವೆನು. ಜೀವದ ಲೆಕ್ಕ ಬಾಯಿಂದ ಹೇಳಬಾರದಲ್ಲ ಎಂದು ನೆನಪಿಸಿದೆ. "ಗಿಡಕ್ಕ ದೃಷ್ಟಿ ಆಗಲ್ಲವ್ವಾ. ನಿನ್ನ ಕಣ್ಣು ಒಂದು ಬಿದ್ದಿತ್ತು, ಅದೂ ಈಗ ತೆಗದದ" ಎಂದಳು. ಮೇಡಂ ಹೋಗಿ ನಾನು ಅವ್ವ ಆಗಿದ್ದೆ. ನನಗೆ ಆ ಬಡ್ತಿಯೇ ದೊಡ್ಡದೆನಿಸಿತು. ಇನ್ನೊಂದು, ಕಾಯಂ ಆಗುವುದು, ಆರು ತಿಂಗಳು ಮುಂದೆ ಹೋಯಿತು.

ಬೋರ್ಡು ಇಳಿಯಿತು. ಗೇಟು ತೆಗೆದ ಬೆಳಗ್ಗೆ ನಾನು ಅಲ್ಲೇ ಇದ್ದೆ. ಕಿರಿದಾದ ದಾರಿ, ಕುರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಎಣಿಸಲು ಅದಕ್ಕಿಂತ ಒಳ್ಳೆಯ ಜಾಗ ಸಿಗದು. ಕೈಯಲ್ಲಿ ಫಾರಮು, ಅದರಲ್ಲಿ ಇನ್ನೂ ಖಾಲಿಯಿದ್ದ ಆ ಖಾನೆ. ತೇಜಮ್ಮ ನನ್ನನ್ನೂ ನನ್ನ ಪೆನ್ನನ್ನೂ ನೋಡಿದಳು. ನಾನು ಬೆನ್ನು ತಿರುಗಿಸಿ ಸೀತಾಫಲದ ಸಾಲನ್ನು ನೋಡುತ್ತ ನಿಂತೆ. ಹಿಂದೆ ಗೊರಸಿನ ಸದ್ದು ಬಹಳ ಹೊತ್ತು ಕೇಳಿಸಿತು. ಕೊನೆಗೆ ಒಂದು ಮರಿ ಕುಂಟುತ್ತ ಹೋದದ್ದು ನೋಡದೆಯೂ ಗೊತ್ತಾಯಿತು. ಯಾರೂ ಕಡಿಮೆಯಿರಲಿಲ್ಲ.