ವಾಲ್ಟರ್ ಹುಡುಕುತ್ತಿದ್ದ ಬಾರ್ಟೀನಿ

2022ರ ನವರಾತ್ರಿಯ ಸಮಯ. ನಾವು ಅಮೆರಿಕದ ಮಿಶಿಗನ್ ರಾಜ್ಯದ ಲಿವೋನಿಯಾದಲ್ಲಿ ಮನೆ ತೆಗೆದುಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಪಕ್ಕದ ಮನೆಯ ಕ್ಯಾರಲ್ ಸ್ಕೂಲ್ ಟೀಚರ್ ಆಗಿ ರಿಟೈರ್ ಆದವರು, ಒಂಟಿ ಹೆಂಗಸು. ಹಿಮ ಬಿದ್ದರೆ ನನ್ನ ಗಂಡ ರಮೇಶ್ ಅವರ ಡ್ರೈವ್‌ವೇ ಕ್ಲೀನ್ ಮಾಡುತ್ತಿದ್ದರು, ನಾವು ಮೈಸೂರಿಗೆ ಹೋದರೆ ಅವರು ನಮ್ಮ ಕರಿಬೇವಿನ ಕುಂಡಕ್ಕೆ ನೀರು ಹಾಕುತ್ತಿದ್ದರು.

ಆ ಸಲ ಕ್ಯಾರಲ್ ತಮ್ಮ ತಂದೆ ವಾಲ್ಟರ್ ಅವರನ್ನು ಆನ್ ಆರ್ಬರ್‌ನ ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದರು. ತೊಂಬತ್ತು ದಾಟಿದ ವಯಸ್ಸು, ಹೃದಯ ಸೋತಿತ್ತು. ಇನ್ನು ಮನೆಯಲ್ಲೇ ನೆಮ್ಮದಿಯಾಗಿ ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅಪ್ಪನಿಗೆ ಇಂಡಿಯಾದವರನ್ನು ಕಂಡರೆ ತುಂಬಾ ಪ್ರೀತಿ, ಬಿಡುವಾದಾಗ ಬಂದು ಸ್ವಲ್ಪ ಹೊತ್ತು ಕೂತು ಮಾತಾಡು ಅಂತ ಕ್ಯಾರಲ್ ನನ್ನನ್ನು ಕರೆದರು. ಮಾತಾಡು ಅಂತ ನನಗೆ ಯಾರೂ ಎರಡು ಸಲ ಹೇಳಬೇಕಾಗಿಲ್ಲ. ಶನಿವಾರ ಬೆಳಿಗ್ಗೆ ಡಬ್ಬಿಯಲ್ಲಿ ನಾಲ್ಕು ರವೆ ಉಂಡೆ ಹಾಕಿಕೊಂಡು ಹೋದೆ.

ವಾಲ್ಟರ್ ಕಿಟಕಿಯ ಹತ್ತಿರ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಹೆಸರು ಹಿಡಿದೇ ಕರೆ ಅಂದರು. ನನ್ನ ನಾಲಿಗೆ ಅದಕ್ಕೆ ಒಪ್ಪಲಿಲ್ಲ, ಸರ್ ಅಂತಲೇ ಕರೆದೆ. ರವೆ ಉಂಡೆಯ ಒಂದು ಚೂರು ಬಾಯಿಗೆ ಹಾಕಿಕೊಂಡು, ಇದು ಕೇಕೋ ಮರಳೋ ಅಂತ ತಮಾಷೆ ಮಾಡಿದರು. ನನಗೆ ಕೂಡಲೇ ಅವರು ಇಷ್ಟವಾದರು.

ಅವರು ಹತ್ತೊಂಬತ್ತನೇ ವಯಸ್ಸಿಗೆ ಕೊರಿಯಾ ಯುದ್ಧಕ್ಕೆ ಹೋದವರು. ಚೀನಾ ಜೊತೆ ಯುದ್ಧ ಅಂದರೆ ನನಗೆ ಗೊತ್ತಿದ್ದದ್ದು ನಮ್ಮ ಅರವತ್ತೆರಡರದ್ದು ಮಾತ್ರ. ಅವರು ಹೊದಿಕೆಯ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು. ಉತ್ತರದವರು ದಕ್ಷಿಣದ ಮೇಲೆ ಬಿದ್ದರು, ನಾವು ದಕ್ಷಿಣದವರ ಸಹಾಯಕ್ಕೆ ಹೋಗಿ ಉತ್ತರದವರನ್ನು ಅಟ್ಟಿಕೊಂಡು ಚೀನಾದ ಗಡಿಯ ನದಿಯವರೆಗೂ ಹೋದೆವು, ಕ್ರಿಸ್‌ಮಸ್‌ಗೆ ಮನೆಗೆ ಅಂದುಕೊಂಡಿದ್ದೆವು. ಪಕ್ಕದ ಮನೆಯವನ ಜಗಲಿವರೆಗೂ ಹೋಗಿ ಜಗಳ ಆಡಿದರೆ ಅವನು ಸುಮ್ಮನಿರುತ್ತಾನೆಯೇ, ಅವನೂ ಇಳಿದು ಬಂದ. ಹೀಗಿತ್ತು ಅವರ ವಿವರಣೆ. ಆ ಚಳಿಗಾಲದಲ್ಲಿ ಹಿಂದಕ್ಕೆ ಓಡಿ ಬರುವಾಗ ಮರಗಟ್ಟಿದ ಕಾಲ್ಬೆರಳುಗಳಿಗೆ ಆಮೇಲೆ ಜೀವ ಬರಲೇ ಇಲ್ಲವಂತೆ.

ಮುಂದಿನ ವಸಂತದಲ್ಲಿ ಚೀನಾದವರು ಮತ್ತೆ ಮೇಲೆ ಬಿದ್ದಾಗ ಒಂದು ಗುಡ್ಡದ ಮೇಲೆ ಅವರ ತೊಡೆಗೆ ಗುಂಡಿನ ಚೂರು ಹೊಕ್ಕಿತು. ಆ ಯುದ್ಧಕ್ಕೆ ಇಂಡಿಯಾ ಕಾದಾಡುವ ಸೈನ್ಯ ಕಳಿಸಿರಲಿಲ್ಲ, ಗಾಯಾಳುಗಳನ್ನು ನೋಡಿಕೊಳ್ಳುವ ಒಂದು ತುಕಡಿ ಕಳಿಸಿತ್ತು. ಅದೂ ನನಗೆ ಗೊತ್ತಿರಲಿಲ್ಲ. ಆ ತುಕಡಿಯ ಒಬ್ಬ ಸಣಕಲು ಮನುಷ್ಯ ವಾಲ್ಟರ್‌ರನ್ನು ಬೆನ್ನ ಮೇಲೆ ಹೊತ್ತು ಗುಡ್ಡದ ಬುಡಕ್ಕೆ ತಂದ, ಕಾಲಿಗೆ ಬಿಗಿಯಾಗಿ ಕಟ್ಟಿದ, ತನ್ನ ಕೋಟು ಹೊದಿಸಿದ.

“ಆಮೇಲೆ ಎದೆ ಮೇಲೆ ಕೈಯಿಟ್ಟು ತನ್ನ ಹೆಸರು ಹೇಳಿ ಮತ್ತೆ ಗುಡ್ಡ ಹತ್ತಿ ಹೋದ. ಬಾರ್ಟೀನಿ ಅಂತ.”

ಆ ಮನೆಯಲ್ಲಿ ಮಿಸ್ಟರ್ ಬಾರ್ಟೀನಿ ಎಲ್ಲರಿಗೂ ಗೊತ್ತಿದ್ದವನು. ಕ್ಯಾರಲ್ ಚಿಕ್ಕವರಿದ್ದಾಗ ಪ್ರತಿ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೂ ಮೊದಲು ಅವನ ಹೆಸರಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದರಂತೆ. ವಾಲ್ಟರ್ ಹಳೇ ಸೈನಿಕರನ್ನೆಲ್ಲ ವಿಚಾರಿಸಿದ್ದರು. ಇಂಡಿಯಾದವರು ಯಾರೇ ಸಿಕ್ಕಲಿ, ಬಾರ್ಟೀನಿ ಅನ್ನೋ ಮನೆತನ ಗೊತ್ತಾ ಎಂದು ಕೇಳುತ್ತಿದ್ದರು. ಆಸ್ಪತ್ರೆಯ ಡಾಕ್ಟರೊಬ್ಬರು ಗೋವಾದ ಕ್ರಿಶ್ಚಿಯನ್ ಇರಬಹುದು ಅಂದಿದ್ದರಂತೆ.

ನಾನು ಇನ್ನೊಂದು ಸಲ ಹೇಳಿಸಿದೆ. ಅವರು ಎದೆಯ ಮೇಲೆ ಕೈಯಿಟ್ಟು, ತಲೆ ಸ್ವಲ್ಪ ಬಗ್ಗಿಸಿ, ಆ ಮನುಷ್ಯ ಹೇಳಿದ ಹಾಗೆಯೇ ಹೇಳಿದರು. ನನಗೆ ಥಟ್ಟನೆ ಹೊಳೆಯಿತು. ಪರದೇಶದಲ್ಲಿ ಅನಿರೀಕ್ಷಿತವಾಗಿ ಕನ್ನಡ ಕಿವಿಗೆ ಬಿದ್ದರೆ ನಾವು ಹೇಗೆ ಕುಣಿಯುತ್ತೇವೆ ಅಂತ ಇಲ್ಲಿರುವವರಿಗೆಲ್ಲ ಗೊತ್ತು. ಡೆಟ್ರಾಯಿಟ್ ಏರ್‌ಪೋರ್ಟಿನಲ್ಲಿ ಯಾರೋ ಅಪರಿಚಿತರು “ಲೇ, ಇಲ್ಲಿ ಬಾರೋ” ಅಂದಿದ್ದು ಕೇಳಿ ಹೋಗಿ ಮಾತಾಡಿಸಿದವಳು ನಾನು. ಇನ್ನು ಇದನ್ನು ಬಿಡುತ್ತೇನೆಯೇ?

“ಸರ್, ಅದು ಹೆಸರಲ್ಲ. ನಮ್ಮ ಭಾಷೆ, ಕನ್ನಡ” ಎಂದು ನಗುತ್ತಾ ಹೇಳಿದೆ. “ಬರ್ತೀನಿ. ಅಂದರೆ, ನಾನು ವಾಪಸ್ ಬರ್ತೀನಿ ಅಂತ.”

ಕ್ಯಾರಲ್ ಖುಷಿಯಿಂದ ಚಪ್ಪಾಳೆ ತಟ್ಟಿದರು. ವಾಲ್ಟರ್ ಮಾತ್ರ ಕೈಯನ್ನು ಎದೆಯಿಂದ ತೆಗೆಯಲೇ ಇಲ್ಲ. ಹಾಗೆಯೇ ನನ್ನ ಕಡೆ ತಿರುಗಿ, ಸರಿಯಾಗಿ ಗೊತ್ತಾ ಎಂದರು. ನೂರಕ್ಕೆ ನೂರು ಅಂದೆ.

“ಅವನು ಹೋದಮೇಲೆ ಒಂದು ಟ್ರಕ್ ಬಂತು. ಇನ್ನು ಯಾರಾದರೂ ಬರೋದಿದೆಯಾ ಅಂತ ಡ್ರೈವರ್ ನನ್ನನ್ನು ಕೇಳಿದ. ಟ್ರಕ್ಕಲ್ಲಿ ಜಾಗ ಇತ್ತು. ನಾನು ಯಾರೂ ಇಲ್ಲ, ಹೊರಡು ಅಂದೆ.”

ಅಷ್ಟು ಹೇಳಿ ಅವರು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಚೀನಾದವರು ಆ ಹೊತ್ತಿಗೆ ಗುಡ್ಡದ ಆ ಬದಿಗೆ ಬಂದಿದ್ದರಂತೆ. ಇಷ್ಟನ್ನು ಬಾಗಿಲ ಹತ್ತಿರ ಕ್ಯಾರಲ್ ಹೇಳಿದರು. ಆಮೇಲೆ ಆ ಮನುಷ್ಯ ಏನಾದ ಎಂದು ಅವರಿಗೂ ತಿಳಿದಿರಲಿಲ್ಲ. ನನ್ನ ಡಬ್ಬಿಯನ್ನು ತೊಳೆದು ಕೊಟ್ಟರು. ಎರಡು ನಿಮಿಷದ ಹಿಂದೆ ನನಗಿದ್ದ ಹೆಮ್ಮೆಯೆಲ್ಲ ಇಳಿದುಹೋಗಿ ನನ್ನ ಮೇಲೇ ನನಗೆ ಸಿಟ್ಟು ಬಂತು.

ಅದೇ ಸಂಜೆ ರಾಚೆಸ್ಟರ್ ಹಿಲ್ಸ್‌ನಲ್ಲಿ ಗೆಳತಿ ಸುಮಾ ಮನೆಯಲ್ಲಿ ಗೊಂಬೆ ಕೂರಿಸಿದ್ದರು. ಹೋಗುವ ಮನಸ್ಸಿರಲಿಲ್ಲ, ಆದರೆ ಅರಿಶಿನ ಕುಂಕುಮಕ್ಕೆ ಕರೆದಾಗ ಇಲ್ಲ ಅನ್ನುವುದು ಹೇಗೆ? ಎಲ್ಲರೂ ಹಾಡು ಹೇಳುತ್ತಿದ್ದರೆ ನಾನು ಮೂಲೆಯಲ್ಲಿ ಕೂತಿದ್ದು, ತಾಂಬೂಲ ತೆಗೆದುಕೊಂಡು ಎದ್ದು, “ಹೋಗ್ತೀನಿ ಆಂಟಿ” ಅಂದೆ. ಸುಮಾಳ ತಾಯಿ ನನ್ನ ಕೈ ಹಿಡಿದುಕೊಂಡರು.

“ಹಬ್ಬದ ದಿನ ಹೋಗ್ತೀನಿ ಅಂತಾರೇನಮ್ಮ? ಬರ್ತೀನಿ ಅನ್ನು. ನಾನು ನಾಡಿದ್ದು ಮೈಸೂರಿಗೆ ಹೊರಟೆ, ಮತ್ತೆ ನೀನೆಲ್ಲೋ ನಾನೆಲ್ಲೋ. ಬರಲಿ ಬಿಡಲಿ, ಹೊರಡೋವಾಗ ಬಾಯಲ್ಲಿ ಅದೇ ಬರಬೇಕು.”

ತಲೆಯ ಮೇಲೆ ಯಾರೋ ಮೊಟಕಿದ ಹಾಗಾಯಿತು. ಹುಟ್ಟಿದಾಗಿನಿಂದ ದಿನಾ ಆಡುವ ಮಾತು. ಹಾಲಿನವನೂ ಬರ್ತೀನಿ ಅನ್ನುತ್ತಾನೆ, ಊರು ಬಿಟ್ಟು ಶಾಶ್ವತವಾಗಿ ಹೋಗುವವರೂ ಬರ್ತೀನಿ ಅನ್ನುತ್ತಾರೆ. ಅದು ನಮ್ಮ ಗುಡ್ ಬೈ. ಆ ಮನುಷ್ಯ ನಿಜವಾಗಿಯೂ ವಾಪಸ್ ಬರುವವನಿದ್ದನೋ, ಬರೀ ವಿದಾಯ ಹೇಳಿದನೋ ಯಾರಿಗೆ ಗೊತ್ತು? ನಾನು ಇಂಗ್ಲಿಷ್ ಮಾಡುವ ಭರದಲ್ಲಿ ಅರ್ಧ ಮಾತ್ರ ಹೇಳಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಅಮ್ಮ ನನಗೆ ಎಷ್ಟು ಸಲ ಹೇಳಿದ್ದಳೋ.

ಮರುದಿನ ಬೆಳಿಗ್ಗೆ ಕಾಫಿ ಕೂಡ ಕುಡಿಯದೆ ಪಕ್ಕದ ಮನೆಗೆ ಓಡಿದೆ. ವಾಲ್ಟರ್ ಏನೂ ತಿಂದಿಲ್ಲ, ಯಾರ ಜೊತೆಗೂ ಮಾತಾಡಿಲ್ಲ ಎಂದು ಕ್ಯಾರಲ್ ಸಪ್ಪಗೆ ಹೇಳಿದರು. ನಾನು ಹಾಸಿಗೆಯ ಪಕ್ಕ ಕೂತು ಎಲ್ಲವನ್ನೂ ವಿವರಿಸಿದೆ. ನಮ್ಮಲ್ಲಿ ಹೋಗ್ತೀನಿ ಅನ್ನುವುದು ಅಪಶಕುನ, ಬರದೇ ಇರುವವರೂ ಬರ್ತೀನಿ ಅಂತಲೇ ಹೇಳುವುದು, ತನಗಾಗಿ ಕಾಯಿರಿ ಅಂತ ಅವನು ಹೇಳಿರಲಿಕ್ಕಿಲ್ಲ ಅಂದೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು, ಕೊನೆಗೆ ನನ್ನ ಕೈ ತಟ್ಟಿದರು.

“ನೀನು ಒಳ್ಳೆಯವಳು ಮಗು. ನನಗೋಸ್ಕರ ಯೋಚನೆ ಮಾಡಿ ಇದನ್ನ ಕಟ್ಟಿದ್ದೀಯ. ನಿನ್ನೆ ಯೋಚನೆ ಮಾಡದೆ ಹೇಳಿದೆಯಲ್ಲ, ಅದೇ ನಿಜ.”

ಆಣೆ ಮಾಡಿದೆ. ನಂಬಲಿಲ್ಲ. ಮನೆಗೆ ಹೋಗಿ ರಮೇಶ್‌ರನ್ನು ಎಳೆದುಕೊಂಡು ಬಂದೆ. ಪಾಪ, ಎಂದೂ ಹೆಚ್ಚು ಮಾತಾಡದ ಮನುಷ್ಯ, ತಮ್ಮ ಅಜ್ಜಿ ಕಥೆಯನ್ನೆಲ್ಲ ಸೇರಿಸಿ ಬೆವರುತ್ತಾ ಅದನ್ನೇ ಹೇಳಿದರು. ವಾಲ್ಟರ್ ಮರ್ಯಾದೆಯಿಂದ ಪೂರ್ತಿ ಕೇಳಿ, ಗಂಡ ಹೆಂಡತಿ ಚೆನ್ನಾಗಿ ಮಾತಾಡಿಕೊಂಡು ಬಂದಿದ್ದೀರಿ ಅಂದರು.

ಕೊನೆಗೆ ನಾನು ಎದ್ದು ನಿಂತು, “ನೋಡಿ ಸರ್, ಈಗ ನಾನು ಹೊರಡ್ತಾ ಇದೀನಿ. ನಮ್ಮೂರಲ್ಲಿ ಹೊರಡೋವಾಗ ಹೇಳೋದು ಹೀಗೇ” ಎಂದು ಎದೆ ಮೇಲೆ ಕೈಯಿಟ್ಟು ತಲೆ ಬಗ್ಗಿಸಿದೆ. “ಬರ್ತೀನಿ.”

ನಾನು ಬಾಗಿಲು ದಾಟುವವರೆಗೂ ಅವರು ನನ್ನನ್ನೇ ನೋಡುತ್ತಿದ್ದರು.

“ನೀನು ಎಷ್ಟು ಹೇಳಿದ್ರೂ ಅಷ್ಟೇ ಕಣೇ, ಸ್ವಲ್ಪ ದಿನ ಬಿಟ್ಬಿಡು” ಎಂದರು ರಮೇಶ್. ಬಿಟ್ಟೆ. ಆಫೀಸು, ಹಬ್ಬದ ಓಡಾಟ, ಹೀಗೆ ಆ ವಾರ ಕಳೆಯಿತು. ಹೋಗುವ ಮನಸ್ಸಾದರೂ ಮುಖ ತೋರಿಸಲು ಧೈರ್ಯವಿರಲಿಲ್ಲ. ವಿಜಯದಶಮಿ ಆದ ಮೇಲೆ ಒಂದು ಮಧ್ಯಾಹ್ನ ಕ್ಯಾರಲ್ ಫೋನ್ ಮಾಡಿ, ಅಪ್ಪನಿಗೆ ಉಸಿರಾಟ ಕಷ್ಟವಾಗಿದೆ ಅಂದರು. ನನಗೆ ಬೇರೇನೂ ತೋಚಲಿಲ್ಲ. ಚಪ್ಪಲಿ ಮೆಟ್ಟಿ ಓಡಿದೆ. ಒಬ್ಬ ಮುದುಕರು ಸಾಯುತ್ತಿದ್ದಾರೆ ಅಂದರೆ ಯಾರು ತಾನೆ ಮನೆಯಲ್ಲಿ ಕೂತಿರುತ್ತಾರೆ?

ಕೋಣೆಗೆ ಕಾಲಿಟ್ಟಾಗ ಅವರು ಕಣ್ಣು ಬಿಟ್ಟರು. ನನ್ನನ್ನು ಗುರುತಿಸಿದರು. ಹತ್ತಿರ ಹೋಗಿ ಕೈ ಹಿಡಿದುಕೊಂಡೆ. ಅವರ ಕಣ್ಣಂಚಿನಿಂದ ನೀರು ಇಳಿದು ದಿಂಬಿನ ಮೇಲೆ ಬಿತ್ತು.

“ನೋಡು” ಎಂದರು. “ನೀನು ಆ ಮಾತು ಹೇಳಿ ಹೋದೆ. ಬಂದೆ.”

ಅವರು ಮೂರು ದಿನದ ನಂತರ ತೀರಿಕೊಂಡರು. ಕ್ಯಾರಲ್ ನನ್ನ ಮೇಲೆ ಎಂದೂ ಬೇಸರ ಮಾಡಿಕೊಳ್ಳಲಿಲ್ಲ, ಈಗಲೂ ನಾವು ಒಳ್ಳೆಯ ನೆರೆಹೊರೆಯವರು. ಆದರೂ ನನ್ನ ಸಂಕಟ ಮಾತ್ರ ಕಡಿಮೆಯಾಗಿಲ್ಲ. ಅವತ್ತು ನಾನು ಹೋಗದೆ ಇದ್ದಿದ್ದರೆ ನನ್ನ ಮಾತನ್ನು ಅವರು ನಂಬುತ್ತಿದ್ದರೋ ಏನೋ. ಹೋಗಿ ಕೈ ಹಿಡಿದೆ, ಬರ್ತೀನಿ ಅಂದವರು ಬಂದೇ ಬರುತ್ತಾರೆ ಅನ್ನುವುದಕ್ಕೆ ಅದೇ ಅವರಿಗೆ ಕೊನೆಯ ಸಾಕ್ಷಿಯಾಯಿತು.